ವಯಸ್ಕರಾದ ಮೇಲೆ ಬ್ಯಾಲೆ ಕಲಿಯುವವರು ತಮ್ಮ ಬಲವನ್ನು ಗುರುತಿಸಿಕೊಳ್ಳುವುದು ಹೇಗೆ? (ಹಲವರು ಬರೆದ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರು ಇಟ್ಟುಕೊಂಡ ಹೆಸರು.)

ಬಾರ್‌ನ ಕೊನೆಯವಳು

ಬಾರ್ ಎಂದರೆ ಬ್ಯಾಲೆ ಅಭ್ಯಾಸದಲ್ಲಿ ಆಸರೆಗೆ ಹಿಡಿದುಕೊಳ್ಳುವ ಕಂಬಿ; ಅದರ ಕೊನೆಯಲ್ಲಿ ನಿಲ್ಲುವವಳು ನಾನು. 38ನೆಯ ವಯಸ್ಸಿನಲ್ಲಿ ಬ್ಯಾಲೆ ತರಗತಿಗೆ ಸೇರಿದೆ. ಈಗ ಎರಡು ವರ್ಷಗಳಾಗುತ್ತ ಬಂದವು. ಅದಕ್ಕೂ ಮೊದಲು ಯಾವ ನೃತ್ಯವನ್ನೂ ಕಲಿತವಳಲ್ಲ. ವಾರಕ್ಕೆ ಎರಡು ತರಗತಿ, ಒಂದೊಂದೂ ಒಂದೂವರೆ ಗಂಟೆ. ಕಳೆದ ವಾರ ತರಗತಿ ಮುಗಿದ ಮೇಲೆ ನಮ್ಮ ಶಿಕ್ಷಕಿ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟು, ಒಂದು ಮಗ್ಗುಲಲ್ಲಿ ತಿದ್ದಿಕೊಳ್ಳಬೇಕಾದುದನ್ನೂ ಇನ್ನೊಂದು ಮಗ್ಗುಲಲ್ಲಿ ಚೆನ್ನಾಗಿ ಬರುವುದನ್ನೂ ಬರೆದುಕೊಡಿ ಎಂದರು. ಮೊದಲನೆಯ ಮಗ್ಗುಲು ಅಂಚಿನವರೆಗೂ ತುಂಬಿತು: ಐದನೆಯ ಸ್ಥಾನದಲ್ಲಿ (ಒಂದು ಪಾದವನ್ನು ಇನ್ನೊಂದರ ಮುಂದೆ ಅಡ್ಡಲಾಗಿ ಅಂಟಿಸಿ ನಿಲ್ಲುವ ನಿಲುವಿನಲ್ಲಿ) ಪಾದಗಳು ಒಂದಕ್ಕೊಂದು ಕೂಡುವುದಿಲ್ಲ, ಮಡಚಿದ ಕಾಲನ್ನು ನಿಧಾನವಾಗಿ ಮೇಲಕ್ಕೆ ಚಾಚುವ ದೆವೆಲೊಪೆಯಲ್ಲಿ ಕಾಲು ಸೊಂಟದ ಮಟ್ಟಕ್ಕೆ ಏರುವ ಮೊದಲೇ ನಡುಗುತ್ತದೆ, ಒಂಟಿ ಕಾಲಿನ ಮೇಲೆ ತಿರುಗುವ ಪಿರೂಯೆಟ್ ಒಂದು ಸುತ್ತು ಪೂರ್ತಿಯಾಗುವುದರೊಳಗೆ ಮುಗ್ಗರಿಸುತ್ತೇನೆ, ಒಂದು ಕಾಲನ್ನು ಹಿಂದಕ್ಕೆ ಚಾಚಿ ನಿಲ್ಲುವ ಅರಬೆಸ್ಕ್‌ನಲ್ಲಿ ಎಡ ಮೊಣಕಾಲು ಮಡಚಿಕೊಂಡೇ ಇರುತ್ತದೆ. ಇನ್ನೊಂದು ಮಗ್ಗುಲನ್ನು ಬಹಳ ಹೊತ್ತು ನೋಡುತ್ತ ಕುಳಿತು ಕಡೆಗೆ "ತಪ್ಪದೆ ಬರುತ್ತೇನೆ" ಎಂದು ಬರೆದುಕೊಟ್ಟೆ. ಅದು ಹಾಜರಿ ಪುಸ್ತಕಕ್ಕೆ ಸಲ್ಲುವ ಗುಣವೇ ಹೊರತು ನೃತ್ಯಕ್ಕೆ ಸಲ್ಲುವಂಥದ್ದಲ್ಲ ಎಂಬುದು ನನಗೂ ಗೊತ್ತು, ಚೀಟಿ ಓದಿ ನಕ್ಕ ಶಿಕ್ಷಕಿಗೂ ಗೊತ್ತು.

ನನಗೆ ಸಮಾಧಾನದ ಮಾತುಗಳು ಬೇಕಾಗಿಲ್ಲ. ದೊಡ್ಡವರಾದ ಮೇಲೆ ಕಲಿಯಲು ಬಂದದ್ದೇ ಸಾಹಸ ಎಂಬ ಹೊಗಳಿಕೆಯನ್ನು ಸಾಕಷ್ಟು ಕೇಳಿಯಾಗಿದೆ. ನಾನು ಕೇಳುತ್ತಿರುವುದು ಇಷ್ಟೇ: ತಪ್ಪನ್ನು ತೋರಿಸಲು ಕನ್ನಡಿಯಿದೆ, ಶಿಕ್ಷಕಿಯಿದ್ದಾರೆ, ಪಕ್ಕದಲ್ಲಿ ನಿಂತ ಇಪ್ಪತ್ತರ ಹರೆಯದವರ ಕಾಲುಗಳಿವೆ, ಸರಿಯಾದುದನ್ನು ತೋರಿಸುವುದು ಯಾವುದು? ನಿಮ್ಮ ನಿಮ್ಮ ಬಲವನ್ನು ನೀವು ಹೇಗೆ ಕಂಡುಕೊಂಡಿರಿ?

ಎಂಟರ ಎಣಿಕೆ

ನಾನು ನೃತ್ಯ ಮಾಡುವವನಲ್ಲ. ಬ್ಯಾಲೆ ತರಗತಿಗಳಿಗೆ ಪಿಯಾನೋ ನುಡಿಸುವವನು. 14 ವರ್ಷಗಳಿಂದ ಕೋಣೆಯ ಒಂದು ಮೂಲೆಯಲ್ಲಿ ಕುಳಿತು ನೋಡುತ್ತಿದ್ದೇನೆ, ಮತ್ತು ನನ್ನ ಮೂಲೆಯಿಂದ ಕನ್ನಡಿ ಕಾಣುವುದಿಲ್ಲ, ಮನುಷ್ಯರಷ್ಟೇ ಕಾಣುತ್ತಾರೆ.

ಮೊಣಕಾಲು ಬಗ್ಗಿಸುವ ಪ್ಲಿಯೆಗೆ ನಿಧಾನವಾದ ಮೂರರ ಅಥವಾ ನಾಲ್ಕರ ನಡೆ, ಕಾಲಿನಿಂದ ಅರ್ಧವೃತ್ತ ಬರೆಯುವ ರೊಂ ದ ಜಾಂಬ್‌ಗೆ ವಾಲ್ಟ್ಸ್, ಪಾದವನ್ನು ಥಟ್ಟನೆ ಹೊರಕ್ಕೆ ಬಡಿಯುವ ಫ್ರಾಪೆಗೆ ಚುರುಕಾದ ಎರಡರ ನಡೆ, ಕಾಲನ್ನು ಎತ್ತರಕ್ಕೆ ಬೀಸುವ ಗ್ರಾಂ ಬಾತ್ಮಾಂಗೆ ಕವಾಯತಿನಂಥ ನಡೆ. ಹೀಗೆ ಅಭ್ಯಾಸಕ್ಕೆ ತಕ್ಕಂತೆ ನುಡಿಸುವಾಗ ಮೊದಲು ನಾಲ್ಕು ಎಣಿಕೆಗಳ ಪೀಠಿಕೆಯೊಂದನ್ನು ಕೊಡುತ್ತೇವೆ. ಆ ನಾಲ್ಕು ಎಣಿಕೆಗಳಲ್ಲಿ ಯಾರ್ಯಾರು ಏನೇನು ಮಾಡುತ್ತಾರೆ ಎಂಬುದನ್ನು ನೋಡಿದರೆ ಸಾಕು, ಮುಂದಿನ ಒಂದೂವರೆ ಗಂಟೆ ಹೇಗಿರುತ್ತದೆ ಎಂದು ನಾನು ಹೇಳಬಲ್ಲೆ. ಕೆಲವರು 'ಒಂದು' ಎಂಬುದು ಕಿವಿಗೆ ಬಿದ್ದ ಮೇಲೆ ಹೊರಡುತ್ತಾರೆ. ಅವರು ಕೊನೆಯವರೆಗೂ ಸ್ವಲ್ಪ ಹಿಂದೆಯೇ ಉಳಿಯುತ್ತಾರೆ. ಕೆಲವರು 'ಒಂದು' ಎಂಬಲ್ಲಿಗೆ ಸರಿಯಾಗಿ ಹೊರಡುತ್ತಾರೆ. ಇನ್ನು ಕೆಲವರು 'ಒಂದು' ಬರುವುದಕ್ಕೆ ಮುಂಚಿನ ಅರೆಕ್ಷಣದಲ್ಲಿ ಉಸಿರೆಳೆದುಕೊಳ್ಳುತ್ತಾರೆ, ತೋಳು ಆಗಲೇ ತೆರೆದುಕೊಳ್ಳುತ್ತಿರುತ್ತದೆ, ಹೀಗಾಗಿ 'ಒಂದು' ಬರುವ ಹೊತ್ತಿಗೆ ಪಾದ ನೆಲದ ಮೇಲೆ ಜಾರಿ ತನ್ನ ಜಾಗ ಸೇರಿರುತ್ತದೆ. ಕರ್ನಾಟಕ ಸಂಗೀತದಲ್ಲಿ ತಾಳದೊಳಗೆ ಹಾಡು ಶುರುವಾಗುವ ಜಾಗಕ್ಕೆ ಎಡುಪು ಎನ್ನುತ್ತಾರೆ; ಇವರು ಆ ಎಡುಪನ್ನು ಹಿಡಿದವರು. ಚಿಕ್ಕಂದಿನಿಂದ ಕಲಿತವರಲ್ಲಿಯೂ ಇದಿಲ್ಲದವರಿದ್ದಾರೆ. ಆರು ತಿಂಗಳ ಹಿಂದೆ ಸೇರಿದ 50 ದಾಟಿದವರಲ್ಲಿಯೂ ಇದ್ದವರಿದ್ದಾರೆ.

ಇದ್ದವರಿಗೆ ತಮಗಿದು ಇದೆಯೆಂದು ಗೊತ್ತೇ ಇರುವುದಿಲ್ಲ ಎಂಬುದು ವಿಚಿತ್ರ. ಕೇಳಿದರೆ "ಅದರಲ್ಲೇನಿದೆ, ಹಾಡು ಹಾಗೇ ಅಲ್ಲವೇ ಇರುವುದು" ಎನ್ನುತ್ತಾರೆ. ಹಾಗೆಂದು ಹೇಳುವ ಕಡೆಯಲ್ಲೇ ಹುಡುಕಿ ನೋಡಿ ಎಂಬುದು ನನ್ನ ಸಲಹೆ. ನಿಮಗೆ ಯಾವುದು ವಿಷಯವೇ ಅಲ್ಲವೆನ್ನಿಸುತ್ತದೆಯೋ, ಪಕ್ಕದವರು ಯಾವುದಕ್ಕಾಗಿ ಒದ್ದಾಡುವುದನ್ನು ಕಂಡು ನಿಮಗೆ ಆಶ್ಚರ್ಯವಾಗುತ್ತದೆಯೋ, ಅದನ್ನು ಚೀಟಿಯಲ್ಲಿ ಬರೆಯಬಹುದಿತ್ತು.

ಕೀಲು ಮತ್ತು ಸ್ನಾಯು

ನಾನು ಫಿಸಿಯೋಥೆರಪಿಸ್ಟ್, ವಾರಕ್ಕೊಮ್ಮೆ ನಾನೂ ಬಾರ್ ಹಿಡಿಯುತ್ತೇನೆ. ಮೇಲಿನ ಪಟ್ಟಿಯಲ್ಲಿರುವ ಕೆಲವು ಸಂಗತಿಗಳು ದೋಷಗಳೇ ಅಲ್ಲ, ಮೂಳೆಯ ಆಕಾರ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಟರ್ನ್‌ಔಟ್ ಎಂಬುದು, ಅಂದರೆ ಕಾಲುಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು, ಸೊಂಟದ ಕೀಲಿನಲ್ಲಿ ತೊಡೆಮೂಳೆ ಹೊರಮುಖವಾಗಿ ತಿರುಗುವುದರಿಂದ ಬರುವಂಥದ್ದು. ಆ ಕೀಲಿನ ಬಟ್ಟಲು ಯಾವ ದಿಕ್ಕಿಗೆ ಮುಖಮಾಡಿದೆ, ತೊಡೆಮೂಳೆಯ ಕತ್ತು ಎಷ್ಟು ತಿರುಚಿಕೊಂಡಿದೆ, ಮುಂಭಾಗದ ಅಸ್ಥಿರಜ್ಜು ಎಷ್ಟು ಬಿಗಿಯಾಗಿದೆ ಎಂಬುವುಗಳ ಮೇಲೆ ಅದರ ಮಿತಿ ನಿಂತಿದೆ. ಬೆಳವಣಿಗೆ ಮುಗಿದ ಮೇಲೆ ಮೂಳೆಯ ಭಾಗವನ್ನು ಯಾವ ಅಭ್ಯಾಸವೂ ಬದಲಿಸುವುದಿಲ್ಲ. ಸೊಂಟ ಕೊಡದಿದ್ದುದನ್ನು ಪಾದವನ್ನು ನೆಲಕ್ಕೆ ಒತ್ತಿ ಹೊರಗೆ ತಿರುಗಿಸಿ ಪಡೆಯಲು ಹೋದರೆ ಆ ತಿರುಚು ಮೊಣಕಾಲಿನ ಮೇಲೆ ಬೀಳುತ್ತದೆ, ಪಾದದ ಕಮಾನು ಒಳಕ್ಕೆ ಕುಸಿಯುತ್ತದೆ. ಆದ್ದರಿಂದ ಐದನೆಯ ಸ್ಥಾನದಲ್ಲಿ ಪಾದಗಳ ನಡುವೆ ಒಂದು ಬೆರಳಿನಷ್ಟು ಬೆಳಕು ಕಂಡರೂ ಮೊಣಕಾಲು ಪಾದದ ಬೆರಳುಗಳ ನೇರಕ್ಕೇ ಇದ್ದರೆ, ನನ್ನ ಲೆಕ್ಕದಲ್ಲಿ ಅದು ಒಂದು ಬಲ.

ನನ್ನ ಬಳಿ ಬರುವ ವಯಸ್ಕ ಕಲಿಕೆಯವರಿಗೆ ನಾನು ಹೇಳಿಕೊಡುವ ಒಂದು ಪರೀಕ್ಷೆಯಿದೆ. ಮೈ ಬೆಚ್ಚಗಾದ ಮೇಲೆ ಅಂಗಾತ ಮಲಗಿ, ಒಂದು ಕಾಲನ್ನು ನೇರವಾಗಿಟ್ಟು, ಪಾದಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿಯ ಸಹಾಯದಿಂದ ನೋವಾಗದಷ್ಟು ಮೇಲಕ್ಕೆ ಎತ್ತಿ. ಈಗ ಮೆಲ್ಲಗೆ ಪಟ್ಟಿಯನ್ನು ಸಡಿಲಿಸಿ, ಕಾಲು ತನ್ನ ಶಕ್ತಿಯಿಂದಲೇ ಎಲ್ಲಿ ನಿಲ್ಲುತ್ತದೆ ನೋಡಿ. ಕೆಲವರ ಕಾಲು ಮುಖದ ಹತ್ತಿರದವರೆಗೂ ಬರುತ್ತದೆ, ಬಿಟ್ಟ ಕೂಡಲೇ ಅರ್ಧಕ್ಕೆ ಇಳಿಯುತ್ತದೆ. ಕೆಲವರದು 80 ಡಿಗ್ರಿಯನ್ನು ದಾಟುವುದಿಲ್ಲ, ಆದರೆ ಬಿಟ್ಟರೆ 75ರಲ್ಲಿಯೇ ನಿಲ್ಲುತ್ತದೆ. ನೋಡುವವರು ಮೊದಲನೆಯವರನ್ನು ಹೊಗಳುತ್ತಾರೆ; ನಾನು ಎರಡನೆಯವರ ಬಗ್ಗೆ ನಿಶ್ಚಿಂತೆಯಾಗಿರುತ್ತೇನೆ. ಹುಟ್ಟಿನಿಂದ ಬಂದ ಬಳುಕು ಒಂದು ಕೊಡುಗೆ, ಅದನ್ನು ಹತೋಟಿಯಲ್ಲಿಟ್ಟುಕೊಳ್ಳುವ ಶಕ್ತಿ ಬೇರೆಯೇ ಸಂಗತಿ, ಮತ್ತು ವಯಸ್ಕರು ನಿಜವಾಗಿ ಗಳಿಸಿಕೊಳ್ಳಬಹುದಾದದ್ದು ಈ ಎರಡನೆಯದನ್ನು.

ಮೀನಖಂಡದ ವಿಷಯವೂ ಹಾಗೆಯೇ. ಒಂದೇ ಕಾಲಿನ ಮೇಲೆ ನಿಂತು, ಗೋಡೆಯನ್ನು ಬೆರಳ ತುದಿಯಿಂದ ಮಾತ್ರ ಮುಟ್ಟಿ, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸುವುದನ್ನು 25 ಸಲ ಮಾಡಲಾಗುತ್ತದೆಯೇ ಎಂದು ನಾವು ನೋಡುತ್ತೇವೆ. ನಡೆಯುವ ಅಭ್ಯಾಸವಿರುವ ವಯಸ್ಕರು ಇದರಲ್ಲಿ ತಮ್ಮನ್ನು ತಾವೇ ಬೆರಗುಗೊಳಿಸುತ್ತಾರೆ. ಒಂದು ಎಚ್ಚರಿಕೆ ಮಾತ್ರ: ಸ್ನಾಯು ಬೇಗ ಬಲಿಯುತ್ತದೆ, ಸ್ನಾಯುರಜ್ಜು ನಿಧಾನವಾಗಿ ಬಲಿಯುತ್ತದೆ. ಮೂರನೆಯ ತಿಂಗಳಲ್ಲಿ "ನನಗೆ ನೆಗೆತ ಚೆನ್ನಾಗಿ ಬರುತ್ತಿದೆ" ಎಂದು ಉತ್ಸಾಹದಿಂದ ನೆಗೆತವನ್ನು ದುಪ್ಪಟ್ಟು ಮಾಡಿಕೊಂಡವರೇ ಹಿಮ್ಮಡಿಯ ಹಿಂಭಾಗವನ್ನು ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ.

ಹಳೆಯ ಈಜುಗಾರ

ಕೊನೆಯ ವಾಕ್ಯ ನನ್ನನ್ನು ನೋಡಿಯೇ ಬರೆದಂತಿದೆ. ನಾನು ಕಾಲೇಜಿನ ದಿನಗಳಲ್ಲಿ ಸ್ಪರ್ಧೆಗಾಗಿ ಈಜುತ್ತಿದ್ದವನು, 44ರಲ್ಲಿ ಬ್ಯಾಲೆಗೆ ಬಂದೆ. ಮೊದಲ ದಿನವೇ ನನ್ನ ನೆಗೆತದ ಎತ್ತರವನ್ನು ಎಲ್ಲರೂ ಹೊಗಳಿದರು. ನನ್ನ ಬಲ ಅದೇ ಎಂದು ನಂಬಿ ಒಂದು ವರ್ಷ ಎಲ್ಲವನ್ನೂ ತೊಡೆಯ ಬಲದಿಂದಲೇ ಮಾಡಿದೆ: ಗ್ಲಿಸಾಡ್ ಜಾರಬೇಕಾದಲ್ಲಿ ನೆಗೆದೆ, ಅಸಾಂಬ್ಲೆಯಲ್ಲಿ ಕಾಲುಗಳನ್ನು ಗಾಳಿಯಲ್ಲೇ ಕೂಡಿಸಬೇಕಾದಲ್ಲಿ ಕೂಡಿಸದೆಯೇ ಇಳಿದೆ. ಒಂದು ದಿನ ಶಿಕ್ಷಕರು ಸಂಗೀತವನ್ನು ನಿಲ್ಲಿಸಿ, ಮೊದಲನೆಯ ಸ್ಥಾನದಲ್ಲಿ (ಹಿಮ್ಮಡಿಗಳು ಕೂಡಿದ ನಿಲುವಿನಲ್ಲಿ) ಹದಿನಾರು ಸೋತೆಗಳನ್ನು, ಅಂದರೆ ಎರಡೂ ಕಾಲಿನ ನೆಗೆತಗಳನ್ನು, ಮೌನವಾಗಿ ಮಾಡಿ ಎಂದರು. ಕೋಣೆಯಲ್ಲಿ ಒಂದೇ ಒಂದು ಸದ್ದು ಕೇಳುತ್ತಿತ್ತು. ಅದು ನನ್ನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು. ಇಳಿಯುವಾಗ ಬೆರಳ ತುದಿ, ಪಾದದ ಉಬ್ಬು, ಹಿಮ್ಮಡಿ, ಆಮೇಲೆ ಪ್ಲಿಯೆ ಎಂಬ ಕ್ರಮವೇ ನನ್ನ ಪಾದಕ್ಕೆ ಗೊತ್ತಿರಲಿಲ್ಲ.

ನನ್ನ ನಿಜವಾದ ಬಲ ಬೇರೆಲ್ಲೋ ಇತ್ತು, ಅದನ್ನು ನಾನು ಕಂಡುಕೊಂಡದ್ದು ತರಗತಿಯ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ. ಪೆತಿ ಅಲೆಗ್ರೊ, ಅಂದರೆ ಚುರುಕಾದ ಸಣ್ಣ ನೆಗೆತಗಳ ಭಾಗ, ಬರುವ ಹೊತ್ತಿಗೆ ಎಲ್ಲರ ಉಸಿರೂ ಏರಿರುತ್ತದೆ. ಉಸಿರು ಏರಿದಾಗ ಮೊದಲು ಹೋಗುವುದು ನೆನಪು, ಆಮೇಲೆ ತೋಳುಗಳು. ವರ್ಷಗಟ್ಟಲೆ ನೀರಿನಲ್ಲಿ ಉಸಿರನ್ನು ಎಣಿಸಿ ತೆಗೆದುಕೊಂಡಿದ್ದರಿಂದಲೋ ಏನೋ, ಆಗಲೂ ನನ್ನ ಉಸಿರು ಸಮನಾಗಿರುತ್ತಿತ್ತು, ಶಿಕ್ಷಕರು ಹೇಳಿದ್ದು ತಲೆಗೆ ಹೋಗುತ್ತಿತ್ತು. ಅಂದರೆ ಎಲ್ಲರೂ ದಣಿದ ಹೊತ್ತಿನಲ್ಲಿ ನಾನು ಇನ್ನೂ ಕಲಿಯುವ ಸ್ಥಿತಿಯಲ್ಲಿರುತ್ತಿದ್ದೆ. ಈಜು ಕೊಟ್ಟ ಅಗಲವಾದ ಭುಜಗಳು ಮಾತ್ರ ತೋಳುಗಳ ಚಲನೆಯಾದ ಪೋರ್ ದ ಬ್ರಾದಲ್ಲಿ ಇಂದಿಗೂ ಕಿವಿಯ ಕಡೆಗೇ ಏರುತ್ತವೆ. ಹಳೆಯ ಅಭ್ಯಾಸವೊಂದು ಬಲವನ್ನು ಮಾತ್ರ ತರುವುದಿಲ್ಲ, ಅದರ ಬಾಲವನ್ನೂ ಹಿಡಿದುಕೊಂಡೇ ಬರುತ್ತದೆ.

ಐದನೆಯ ಸ್ಥಾನ

ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ, ಕ್ಷಮಿಸಬೇಕು. ಬ್ಯಾಲೆ ಎಂಬುದು ತಿದ್ದುತ್ತ ತಿದ್ದುತ್ತ ಬೆಳೆದ ವಿದ್ಯೆ. ಹದಿನಾಲ್ಕನೆಯ ಲೂಯಿ 1661ರಲ್ಲಿ ನೃತ್ಯದ ಅಕಾಡೆಮಿ ಸ್ಥಾಪಿಸಿದ ಕಾಲದಿಂದಲೂ ಸರಿ ಯಾವುದು, ತಪ್ಪು ಯಾವುದು ಎಂದು ಗೆರೆ ಎಳೆಯುವುದೇ ಅದರ ಕೆಲಸವಾಗಿದೆ. ಅಲ್ಲಿಗೆ ಬಂದು ನನ್ನ ಬಲ ಯಾವುದು ಎಂದು ಕೇಳುವುದು ವ್ಯಾಕರಣ ಕಲಿಯಲು ಹೋಗಿ ನನ್ನ ಕೈಬರಹ ಚೆನ್ನಾಗಿದೆಯೇ ಎಂದು ಕೇಳಿದಂತೆ. ನನ್ನ ತರಗತಿಯಲ್ಲಿ ಹಿರಿಯರಿಗೆ "ಬಹಳ ಚೆನ್ನಾಗಿದೆ" ಎಂದು ಹೇಳಿ ಮುಂದಕ್ಕೆ ಹೋಗುವ, ಕಿರಿಯರ ಬಳಿ ನಿಂತು ಸೊಂಟವನ್ನು ಕೈಯಿಂದ ತಿದ್ದುವ ಶಿಕ್ಷಕರನ್ನು ಕಂಡು ನನಗೆ ಅವಮಾನವಾಗಿದೆ. ಹೊಗಳಿಕೆ ಎಷ್ಟೋ ಸಲ "ಇವರಿಂದ ಹೆಚ್ಚೇನೂ ನಿರೀಕ್ಷಿಸಬೇಕಾಗಿಲ್ಲ" ಎಂಬುದರ ಸಭ್ಯ ರೂಪ. ನನಗೆ ಬಲಗಳ ಪಟ್ಟಿ ಬೇಡ, ತಿದ್ದುಪಡಿ ಕೊಡಿ.

ಹಳೆಯ ಪುಟಗಳು

ಐದನೆಯ ಸ್ಥಾನದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಅವರು ಕರೆದ ಇತಿಹಾಸ ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಬ್ಯಾಲೆ ನರ್ತಕಿ ಮರೀ ತಾಲಿಯೋನಿಯ ಬೆನ್ನು ತುಸು ಬಾಗಿತ್ತು, ತೋಳುಗಳು ಮೈಗೆ ಹೋಲಿಸಿದರೆ ಉದ್ದವಾಗಿದ್ದವು ಎಂದು ಬರೆದಿಟ್ಟಿದ್ದಾರೆ. ಅವಳ ತಂದೆಯೇ ಅವಳ ಗುರು. ಮಗಳನ್ನು ಕಠಿಣವಾಗಿ ದುಡಿಸಿದವನು. ಆದರೆ ಆ ಉದ್ದ ತೋಳುಗಳನ್ನು ಮಡಚಿ, ಮಣಿಕಟ್ಟುಗಳನ್ನು ಒಂದರ ಮೇಲೊಂದು ಹಗುರವಾಗಿ ಇಡಿಸಿ, ಮುಂದಕ್ಕೆ ತುಸು ಬಾಗಿದ ಆ ನಿಲುವನ್ನೇ ಒಂದು ಶೈಲಿಯನ್ನಾಗಿ ಮಾಡಿದ. 1832ರಲ್ಲಿ ಪ್ಯಾರಿಸ್‌ನಲ್ಲಿ ಅವಳು ಸಿಲ್ಫ್ (ಗಾಳಿಯಲ್ಲಿ ತೇಲುವ ಅಪ್ಸರೆ) ಆಗಿ ಕಾಣಿಸಿಕೊಂಡ ಮೇಲೆ ಆ ಬಾಗು ರೊಮ್ಯಾಂಟಿಕ್ ಬ್ಯಾಲೆಯ ಗುರುತೇ ಆಯಿತು. ಇಂದಿಗೂ ಆ ಶೈಲಿಯ ಪಾತ್ರಗಳಿಗೆ ನೆಟ್ಟಗಿನ ಬೆನ್ನಿನವರೂ ಬಾಗುವುದನ್ನು ಕಲಿಯುತ್ತಾರೆ.

ಮುಂದೆ ಜಗತ್ಪ್ರಸಿದ್ಧಳಾದ ರಷ್ಯಾದ ನರ್ತಕಿ ಆನ್ನಾ ಪಾವ್ಲೊವಾ ವಿದ್ಯಾರ್ಥಿನಿಯಾಗಿದ್ದಾಗ ರಷ್ಯಾದ ರಂಗದ ಮೇಲೆ ಇಟಲಿಯ ನರ್ತಕಿ ಪಿಯೆರೀನಾ ಲೆನ್ಯಾನಿ 32 ಫುಯೆತೆಗಳನ್ನು (ಎತ್ತಿದ ಕಾಲನ್ನು ಚಾಟಿಯಂತೆ ಬೀಸುತ್ತ ಒಂಟಿ ಕಾಲಿನ ಮೇಲೆ ತಿರುಗುವ ಸುತ್ತುಗಳನ್ನು) ಹಾಕಿ ಎಲ್ಲರನ್ನೂ ದಂಗುಬಡಿಸುತ್ತಿದ್ದ ಕಾಲ. ಸಣಕಲು ಮೈಯ, ತೆಳುವಾದ ಕಣಕಾಲಿನ ಈ ಹುಡುಗಿ ಅದನ್ನು ಅನುಕರಿಸಲು ಹೋದಾಗ, ಅವಳ ಗುರು ಪಾವೆಲ್ ಗೆರ್ಟ್ ಅಂಥ ಕಸರತ್ತನ್ನು ಬೇರೆಯವರಿಗೆ ಬಿಡು, ನಿನ್ನ ಮೈಯ ಸುಕೋಮಲತೆಯೇ ನಿನ್ನ ಸೊತ್ತು ಎಂಬ ಅರ್ಥದಲ್ಲಿ ಬುದ್ಧಿ ಹೇಳಿದರೆಂಬುದು ಪ್ರಸಿದ್ಧವಾದ ಸಂಗತಿ. ಅದು ಹೊಗಳಿಕೆಯೋ ತಿದ್ದುಪಡಿಯೋ ಹೇಳಿ ನೋಡೋಣ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ನಿಖರವಾದ ತಿದ್ದುಪಡಿ ಇನ್ನೊಂದಿಲ್ಲ.

ಮತ್ತೆ, ಸರಿತಪ್ಪಿನ ಗೆರೆ ಒಂದೇ ಆಗಿಯೂ ಇಲ್ಲ. ಡೆನ್ಮಾರ್ಕಿನ ಬೂರ್ನೊನ್ವಿಲ್ ಪರಂಪರೆಯಲ್ಲಿ ತೋಳು ಕೆಳಗೆ ಶಾಂತವಾಗಿರಬೇಕು, ಪಾದ ಚುರುಕಾಗಿರಬೇಕು, ನೆಗೆತದಲ್ಲಿ ಶ್ರಮ ಕಾಣಬಾರದು. ರಷ್ಯಾದ ವಾಗನೋವಾ ಪದ್ಧತಿಯಲ್ಲಿ ಬೆನ್ನು ಮತ್ತು ತೋಳುಗಳ ಹೊಂದಾಣಿಕೆಗೆ ವಿಶೇಷ ಮಹತ್ವ. ಇಟಲಿಯವನಾದ ಚೆಕೆಟ್ಟಿಯ ಪದ್ಧತಿಯಲ್ಲಿ ವಾರದ ಒಂದೊಂದು ದಿನಕ್ಕೂ ನಿಗದಿಯಾದ ಅಭ್ಯಾಸಕ್ರಮವಿರುತ್ತದೆ. ಅಮೆರಿಕದಲ್ಲಿ ನೃತ್ಯ ಸಂಯೋಜಿಸಿದ ಬ್ಯಾಲನ್‌ಶೀನ್ ಬಯಸಿದ್ದು ವೇಗವನ್ನೂ ಸಂಗೀತಪ್ರಜ್ಞೆಯನ್ನೂ. ಕಾಲು ಎತ್ತರಕ್ಕೆ ಏರದ, ಆದರೆ ಪಾದ ಚುರುಕಾಗಿರುವ ಒಬ್ಬ ವಯಸ್ಕ ವಿದ್ಯಾರ್ಥಿ ಒಂದು ಪದ್ಧತಿಯ ತರಗತಿಯಲ್ಲಿ ದಡ್ಡನಂತೆ ಕಾಣಬಹುದು, ಇನ್ನೊಂದರಲ್ಲಿ ನಿರಾಳವಾಗಿ ಉಸಿರಾಡಬಹುದು. ಸಾಧ್ಯವಿದ್ದವರು ವರ್ಷದಲ್ಲಿ ಒಂದೆರಡು ಸಲವಾದರೂ ಬೇರೆ ಪದ್ಧತಿಯ ತರಗತಿಯಲ್ಲಿ ಕುಳಿತೋ ನಿಂತೋ ನೋಡಿ ಬನ್ನಿ.

ಎಡಕ್ಕೆ ತಿರುಗುವವ

ಚಿಕ್ಕ ಅನುಭವ. ನನ್ನ ಪಿರೂಯೆಟ್ ಒಂದೂವರೆ ವರ್ಷ ಕಾಲ ಬಲಕ್ಕೆ ಬೀಳುತ್ತಲೇ ಇತ್ತು, ನನಗೆ ಸುತ್ತುವುದು ಬಾರದು ಎಂದೇ ತೀರ್ಮಾನಿಸಿಕೊಂಡಿದ್ದೆ. ಬಲಬದಿಯದು ಮುಗಿಯುವ ಹೊತ್ತಿಗೆ ಮನಸ್ಸು ಸೋತಿರುತ್ತಿದ್ದುದರಿಂದ ಎಡಬದಿಯದನ್ನು ನಾನು ಒಮ್ಮೆಯೂ ಗಮನವಿಟ್ಟು ಮಾಡಿರಲಿಲ್ಲ. ಶಿಕ್ಷಕಿ ಒಂದು ದಿನ ಎಡದಿಂದ ಶುರುಮಾಡಿಸಿದರು. ಗೋಡೆಯ ಮೇಲಿನ ಗುರುತಿನ ಮೇಲೆ ಕಣ್ಣಿಟ್ಟೆ, ಮೈ ಹೊರಟಿತು, ತಲೆ ಉಳಿಯಿತು, ಆಮೇಲೆ ತಲೆ ಹೊರಳಿ ಮತ್ತೆ ಅದೇ ಗುರುತನ್ನು ಹಿಡಿಯಿತು, ನಿಂತಿದ್ದೆ. ಸುತ್ತುವುದು ಬಾರದವನಾಗಿರಲಿಲ್ಲ ನಾನು, ತಪ್ಪು ಕಡೆಯಿಂದ ಎಣಿಸುತ್ತಿದ್ದೆ ಅಷ್ಟೇ. ಬಲಕ್ಕೆ ಈಗಲೂ ಬೀಳುತ್ತೇನೆ.

ಬಾರ್‌ನ ಕೊನೆಯವಳು

ಎಲ್ಲರಿಗೂ ಧನ್ಯವಾದಗಳು. ಫಿಸಿಯೋಥೆರಪಿಸ್ಟ್ ಹೇಳಿದ ಪರೀಕ್ಷೆಯನ್ನು ಮಾಡಿದೆ: ಪಟ್ಟಿ ಬಿಟ್ಟಾಗ ಕಾಲು ನೆಲದ ಕಡೆಗೆ ಸಾಕಷ್ಟು ದೂರ ಪ್ರಯಾಣ ಮಾಡಿತು, ಹೀಗಾಗಿ ಆ ಬಲ ನನ್ನದಲ್ಲ. ಹಿಮ್ಮಡಿ ಎತ್ತುವುದು ಬಲಗಾಲಿನಲ್ಲಿ 22, ಎಡಗಾಲಿನಲ್ಲಿ 17. ಅರಬೆಸ್ಕ್‌ನಲ್ಲಿ ಎಡಗಾಲು ಮಡಚುವುದಕ್ಕೂ ಇದಕ್ಕೂ ನಂಟಿದೆಯೇ?

ಎಂಟರ ಎಣಿಕೆಯವರು ಹೇಳಿದ್ದನ್ನು ಪರೀಕ್ಷಿಸಲು, ಬಾರ್ ಬಿಟ್ಟು ಕೋಣೆಯ ನಡುವೆ ಅಭ್ಯಾಸ ಮಾಡುವ ಸೆಂಟರ್‌ನ ಒಂದು ಅಡಾಜಿಯೋವನ್ನು (ನಿಧಾನ ಚಲನೆಗಳ ಅಭ್ಯಾಸವನ್ನು) ಶಿಕ್ಷಕಿಯ ಅನುಮತಿ ಪಡೆದು ಫೋನಿನಲ್ಲಿ ಚಿತ್ರೀಕರಿಸಿಕೊಂಡೆ. ಮೊದಲ ಸಲ ನೋಡಿದಾಗ ಮೊಣಕಾಲು ಬಿಟ್ಟು ಬೇರೇನೂ ಕಾಣಲಿಲ್ಲ. ಎರಡನೆಯ ಸಲ ಪರದೆಯ ಕೆಳಭಾಗವನ್ನು ಕಾಗದದಿಂದ ಮುಚ್ಚಿ, ಸೊಂಟದಿಂದ ಮೇಲಿನದನ್ನು ಮಾತ್ರ ನೋಡಿದೆ. ಯಾರೋ ಬೇರೆಯವಳು ಕಂಡಳು. ಅವಳ ತಲೆ ಕೈಯ ಹಿಂದೆಯೇ ಹೋಗುತ್ತಿತ್ತು. ಇದನ್ನು ಬಲವೆನ್ನಬಹುದೇ ಎಂಬ ಧೈರ್ಯ ಇನ್ನೂ ಬಂದಿಲ್ಲ.

ಕೀಲು ಮತ್ತು ಸ್ನಾಯು

ಎಡಗಡೆ ಕಡಿಮೆಯಿರುವುದು ನೆಲದ ಮೇಲಿನ ಕಾಲಾಗಿ ಅದು ಎಷ್ಟು ನಂಬಿಕಸ್ಥ ಎಂಬುದನ್ನು ಹೇಳುತ್ತದೆ. ನಿಮ್ಮ ಪ್ರಶ್ನೆ ಹಿಂದೆ ಎತ್ತಿದ ಎಡಗಾಲಿನದಾದರೆ ಅದು ಬೇರೆ ಕಥೆ. ಅಲ್ಲಿ ಸೊಂಟದ ಮುಂಭಾಗದ ಬಿಗಿತವನ್ನೂ ಬೆನ್ನಿನ ಕೆಲಸವನ್ನೂ ನೋಡಬೇಕಾಗುತ್ತದೆ. ಇಲ್ಲಿಂದಲೇ ನಿರ್ಣಯ ಹೇಳಲಾರೆ. ಪರದೆಯನ್ನು ಮುಚ್ಚಿ ನೋಡಿದ ಉಪಾಯವನ್ನು ಮಾತ್ರ ನಾನು ನಾಳೆಯಿಂದಲೇ ನನ್ನ ಬಳಿ ಬರುವವರಿಗೆ ಹೇಳುತ್ತೇನೆ.

ಮೆತ್ತನೆಯ ಹೆಜ್ಜೆ

ನಾನು ವಯಸ್ಕರಿಗೆ ಬ್ಯಾಲೆ ಕಲಿಸುತ್ತೇನೆ. ಐದನೆಯ ಸ್ಥಾನದವರು ಹೇಳಿದ ಶಿಕ್ಷಕರಂಥವರು ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಲವನ್ನು ಹುಡುಕುವ ದಾರಿ ಹೊಗಳಿಕೆಯಲ್ಲಿಲ್ಲ, ತಿದ್ದುಪಡಿಯಲ್ಲಿಯೇ ಇದೆ ಎಂಬುದು ನನ್ನ ಅನುಭವ.

ನನ್ನ ವಿದ್ಯಾರ್ಥಿಗಳಿಗೆ ಒಂದು ಪುಸ್ತಕ ಇಡಲು ಹೇಳುತ್ತೇನೆ. ಪ್ರತಿ ತರಗತಿಯ ನಂತರ ತಮಗೆ ಸಿಕ್ಕ ತಿದ್ದುಪಡಿಗಳನ್ನು ತಾರೀಖಿನೊಂದಿಗೆ ಬರೆಯಬೇಕು, ಬೇರೇನೂ ಬೇಡ. ಆರು ತಿಂಗಳ ನಂತರ ಅದನ್ನು ತಿರುವಿ ಹಾಕಿದರೆ ಎರಡು ಸಂಗತಿಗಳು ಕಾಣುತ್ತವೆ. ಕೆಲವು ತಿದ್ದುಪಡಿಗಳು ಒಂದು ಹಂತದ ನಂತರ ಬರುವುದೇ ನಿಂತುಹೋಗಿರುತ್ತವೆ. "ಹೆಬ್ಬೆರಳನ್ನು ಒಳಗೆ ಮಡಚಿ" ಎಂದು ಇಪ್ಪತ್ತು ಸಲ ಬರೆದವರ ಪುಸ್ತಕದಲ್ಲಿ ಅದು ಒಂದು ಪುಟದಿಂದಾಚೆ ಮಾಯವಾಗಿರುತ್ತದೆ, ಮಾಯವಾದದ್ದನ್ನು ಅವರು ಗಮನಿಸಿರುವುದಿಲ್ಲ. ಬಂದದ್ದು ತಿಳಿಯುತ್ತದೆ, ಹೋದದ್ದು ತಿಳಿಯುವುದಿಲ್ಲ. ಇನ್ನು ಕೆಲವು ತಿದ್ದುಪಡಿಗಳು ನಿಲ್ಲುವುದಿಲ್ಲ, ಸೂಕ್ಷ್ಮವಾಗುತ್ತ ಹೋಗುತ್ತವೆ. ಮೊದಲ ಪುಟದಲ್ಲಿ "ಕೈ ಎತ್ತಿ" ಎಂದಿರುತ್ತದೆ, ಮಧ್ಯದಲ್ಲಿ "ಮೊಣಕೈ ಇಳಿಯದಿರಲಿ", ಇತ್ತೀಚಿನದರಲ್ಲಿ "ಕೈ ತೆರೆಯುವ ಮೊದಲು ದೃಷ್ಟಿ ಹೊರಡಲಿ, ಭುಜದ ತಿರುವು ಆಮೇಲೆ ಬರಲಿ". ಶಿಕ್ಷಕಿಯೊಬ್ಬಳು ಎಪೋಲ್ಮಾಂ (ತಲೆ ಮತ್ತು ಭುಜಗಳ ತಿರುವು) ಬಗ್ಗೆ ನಿಮಗೆ ಇಷ್ಟು ಸಣ್ಣ ಮಾತು ಹೇಳುತ್ತಿದ್ದಾಳೆ ಎಂದರೆ, ಅದನ್ನು ಹಿಡಿಯುವಷ್ಟು ನಿಮ್ಮ ಮೈಯ ಮೇಲ್ಭಾಗ ಪಳಗಿದೆ ಎಂದು ಅವಳು ಆಗಲೇ ನಿರ್ಧರಿಸಿದ್ದಾಳೆ. ಬಾಯಿಬಿಟ್ಟು ಹೊಗಳದ ನನ್ನಂಥವರು ಹೀಗೆಯೇ ಹೊಗಳುವುದು.

ದೊಡ್ಡವರಲ್ಲಿ ನಾನು ಕಾಣುವ, ಮಕ್ಕಳಲ್ಲಿ ಅಷ್ಟಾಗಿ ಕಾಣದ ಇನ್ನೊಂದು ಗುಣವಿದೆ. ಬಾರ್‌ನ ಆ ಕೊನೆಯಲ್ಲಿರುವವರಿಗೆ ನಾನು ಹೇಳಿದ ತಿದ್ದುಪಡಿಯನ್ನು ಈ ಕೊನೆಯಲ್ಲಿರುವವರು ಕೇಳಿಸಿಕೊಂಡು ತಮ್ಮ ಮೈಗೆ ಹಾಕಿಕೊಳ್ಳುತ್ತಾರೆ. "ತೂಕ ಹಿಮ್ಮಡಿಯಿಂದ ಮುಂದಕ್ಕೆ ಬರಲಿ" ಎಂದರೆ ಏಕೆಂದು ಕೇಳುತ್ತಾರೆ. ಏಕೆಂದು ತಿಳಿದರೆ ಪಾದವನ್ನು ನೆಲದ ಮೇಲೆ ಚಾಚುವ ತಾಂದ್ಯುವಿನಲ್ಲಿ ಕಲಿತದ್ದನ್ನು ಪಾದ ನೆಲ ಬಿಡುವ ದೆಗಾಜೆಗೂ ಅಲ್ಲಿಂದ ಗ್ರಾಂ ಬಾತ್ಮಾಂಗೂ ಒಯ್ಯುತ್ತಾರೆ. ಮಕ್ಕಳಿಗೆ ಮೂರೂ ಕಡೆ ಬೇರೆಬೇರೆಯಾಗಿ ಹೇಳಬೇಕಾಗುತ್ತದೆ. ಇನ್ನು ಅಭ್ಯಾಸವನ್ನು ಹಿಂದುಮುಂದಾಗಿ ಮಾಡಿಸುವಾಗ ನೋಡಬೇಕು: ಕೆಲವರು ಪೆಚ್ಚಾಗಿ ಮುಂದಿನವರ ಕಾಲನ್ನು ನೋಡುತ್ತಾರೆ, ಕೆಲವರು ಕಣ್ಣು ಅರೆಮುಚ್ಚಿ ಬೆರಳುಗಳಲ್ಲಿಯೇ ಪಾ ದ ಬುರೆಯ ಮೂರು ಹೆಜ್ಜೆಗಳನ್ನು ತಿರುಗಿಸಿಕೊಂಡು ಮುಗಿಸಿರುತ್ತಾರೆ. ಈ ಎರಡನೆಯವರ ಕಾಲು ಎಷ್ಟು ಎತ್ತರ ಹೋಗುತ್ತದೆ ಎಂಬುದನ್ನು ನಾನು ಆ ಹೊತ್ತಿನಲ್ಲಿ ನೋಡುವುದೂ ಇಲ್ಲ.

ಐದನೆಯ ಸ್ಥಾನ

ಪುಸ್ತಕದ ಮಾತನ್ನು ಒಪ್ಪುತ್ತೇನೆ, ಏಕೆಂದರೆ ಅದರಲ್ಲಿ ತಿದ್ದುಪಡಿಗಳೇ ಇವೆ. ತಾಲಿಯೋನಿಯ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅವಳು ದಿನಕ್ಕೆ ಗಂಟೆಗಟ್ಟಲೆ ದುಡಿದವಳು, ನಾವು ವಾರಕ್ಕೆ ಮೂರು ಗಂಟೆಯವರು, ನಮ್ಮ ಬಾಗಿದ ಬೆನ್ನು ಶೈಲಿಯಾಗುವುದಿಲ್ಲ, ಬಾಗಿದ ಬೆನ್ನಾಗಿಯೇ ಉಳಿಯುತ್ತದೆ. ಹಾಗಿದ್ದರೂ ನಾನು ತಿದ್ದುಪಡಿಗಳನ್ನು ಬರೆದಿಟ್ಟುಕೊಂಡಿದ್ದ ಹಳೆಯ ಹಾಳೆಗಳನ್ನು ತೆರೆದು ನೋಡಿದೆ. ಮೊದಲ ವರ್ಷ ಪ್ರತಿ ವಾರವೂ "ಇಳಿಯುವಾಗ ಸದ್ದು" ಎಂದಿತ್ತು. ಈಗ ಎಷ್ಟೋ ತಿಂಗಳುಗಳಿಂದ ಅದಿಲ್ಲ. ನನ್ನ ಹೆಜ್ಜೆ ಮೆತ್ತಗಾದದ್ದು ಯಾವಾಗ ಎಂದು ನನಗೆ ನೆನಪಿಲ್ಲ.

ಹಳೆಯ ಈಜುಗಾರ

ಅದು ಹೇಗಾಯಿತೆಂದು ನೆನಪಾದರೆ ದಯವಿಟ್ಟು ಇಲ್ಲಿ ಬರೆಯಿರಿ. ನನ್ನ ಕೆಳಗಿನ ಮಹಡಿಯವರೂ ಕೃತಜ್ಞರಾಗಿರುತ್ತಾರೆ.

ಬಾರ್‌ನ ಕೊನೆಯವಳು

ನಿನ್ನೆಯ ತರಗತಿಯ ವಿಷಯವನ್ನು ಹೇಳಿ ಮುಗಿಸುತ್ತೇನೆ. ಸೆಂಟರ್‌ನಲ್ಲಿ ನಾಲ್ಕು ಸಾಲುಗಳಲ್ಲಿ ನಿಂತಿದ್ದೆವು. ನಾನು ಎಂದಿನಂತೆ ಹಿಂದಿನ ಸಾಲಿನ ಅಂಚಿನಲ್ಲಿ. ಅಭ್ಯಾಸದ ಮಧ್ಯದಲ್ಲಿ ಶಿಕ್ಷಕಿ ಸಾಲುಗಳನ್ನು ಬದಲಿಸಿದರು, ಹಿಂದಿನವರು ಮುಂದೆ, ಮುಂದಿನವರು ಹಿಂದೆ. ನನ್ನ ಮುಂದೆ ನೋಡಿಕೊಳ್ಳಲು ಯಾರ ಬೆನ್ನೂ ಇರಲಿಲ್ಲ, ಕನ್ನಡಿಯಷ್ಟೇ ಇತ್ತು. ಬಾಲಾಂಸೆ (ಅತ್ತಿತ್ತ ತೂಗುವ ಹೆಜ್ಜೆ) ಎರಡು, ಪಾ ದ ಬುರೆ, ನಾಲ್ಕನೆಯ ಸ್ಥಾನ, ಎಡಕ್ಕೂ ಬಲಕ್ಕೂ ಒಂದೊಂದು ಪಿರೂಯೆಟ್, ವಾಲ್ಟ್ಸ್‌ನ ನಡೆ. ಸಂಗೀತ ಧ್ವನಿಮುದ್ರಿಕೆಯದು, ಮತ್ತು ಅದರ ಪೀಠಿಕೆ ನಾವು ಎಣಿಸಿಟ್ಟುಕೊಂಡಿದ್ದರ ಅರ್ಧದಷ್ಟೇ ಇತ್ತೆಂದು ಆಮೇಲೆ ಗೊತ್ತಾಯಿತು. ಉಳಿದವರು ಇನ್ನೂ ಎಣಿಸುತ್ತಿದ್ದರು. ನಾನು ಎಣಿಸುತ್ತಿರಲಿಲ್ಲ, ಹೊರಟುಬಿಟ್ಟಿದ್ದೆ. ಅರ್ಧ ಹೆಜ್ಜೆ ಹೋದ ಮೇಲೆ, ತಪ್ಪಾಯಿತೇನೋ ಎಂದು ಕನ್ನಡಿಯಲ್ಲಿ ನೋಡಿದರೆ ಹಿಂದಿನ ಮೂರು ಸಾಲುಗಳೂ ನನ್ನ ಕೈಯನ್ನು ನೋಡಿಕೊಂಡು ಹೊರಟಿದ್ದವು.

ಪಿರೂಯೆಟ್ ಎರಡೂ ಕಡೆಗೆ ಬಿದ್ದೆ. ಎಡಕ್ಕೆ ತಿರುಗುವವರು ಕ್ಷಮಿಸಬೇಕು, ಎಡಕ್ಕೆ ಇನ್ನೂ ಜೋರಾಗಿಯೇ ಬಿದ್ದೆ. ಎಲ್ಲ ಮುಗಿದು ನೀರು ಕುಡಿಯುತ್ತಿದ್ದಾಗ ಶಿಕ್ಷಕಿ ಹತ್ತಿರ ಬಂದು ನನ್ನ ಹಳೆಯ ಚೀಟಿಯನ್ನು ಕೊಟ್ಟು, ಎರಡನೆಯ ಮಗ್ಗುಲಿನದನ್ನು ಹೊಡೆದುಹಾಕಿ ಬೇರೆ ಬರೆಯಲು ಹೇಳಿದರು. ನನ್ನ ಬಳಿ ಪೆನ್ನು ಇರಲಿಲ್ಲ. ಮುಂದಿನ ವಾರ ಕೊಡುತ್ತೇನೆ ಎಂದಿದ್ದೇನೆ.